ಇನ್ನೊಂದು ಕೈಗೂ ಪಟ್ಟಿ ಸುತ್ತಲಿ

ಮಗಳಿಗೆ ಸುಸ್ತು ಎಂದರೆ ನಾವು ಮೊದಲು ದೂರುವುದು ಮುಂಬಯಿಯ ನೀರನ್ನು. ಆಮೇಲೆ ಲೋಕಲ್ ಗಾಡಿಯ ನೂಕುನುಗ್ಗಲನ್ನು. ಒಂದು ಬಾಟಲಿ ಟಾನಿಕ್ ತಂದರೆ ನಮ್ಮ ಕರ್ತವ್ಯ ಮುಗಿಯಿತು. ಸೊಸೆಯಾದರೆ ಅದೂ ಇಲ್ಲ, ಕೆಲಸಗಳ್ಳಿ ಎಂಬ ಬಿರುದು ಪುಕ್ಕಟೆ! ತಲೆ ಬಾಚುವಾಗ, ಬಟ್ಟೆ ಹಿಂಡುವಾಗ ಕೈ ಸೋತುಬರುತ್ತದೆ ಎಂದು ಆಕೆ ಹೇಳಿದ್ದು ನಮ್ಮ ಕಿವಿಗೆ ಬೀಳುವುದಿಲ್ಲ.

ರಕ್ತನಾಳಗಳ ಗೋಡೆಗೇ ಉರಿಯೂತ ತಗಲುವ ರೋಗಗಳಿಗೆ ವ್ಯಾಸ್ಕ್ಯುಲೈಟಿಸ್ ಎನ್ನುತ್ತಾರೆ. ಸಣ್ಣ ನಾಳ, ನಡುಗಾತ್ರದ ನಾಳ, ದೊಡ್ಡ ನಾಳ ಹಿಡಿಯುವ ಬಗೆಗಳಿವೆ. ದೊಡ್ಡ ನಾಳದ್ದೊಂದು ತಕಯಾಸು ರೋಗ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು ಯುವತಿಯೊಬ್ಬಳ ಕಣ್ಣಿನೊಳಗಿನ ವಿಚಿತ್ರ ನಾಳಗಳನ್ನು ವರದಿ ಮಾಡಿದ್ದರಿಂದ ಆ ಹೆಸರು. ಹೆಚ್ಚಾಗಿ 40ರೊಳಗಿನ ಹೆಂಗಸರಿಗೇ ಬರುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯೂ ಅದರ ಕವಲುಗಳೂ ದಪ್ಪಗಟ್ಟಿ ಕಿರಿದಾಗುತ್ತವೆ. ಮೊದಮೊದಲು ಜ್ವರ, ತೂಕದ ಇಳಿತ. ಕ್ರಮೇಣ ಮಣಿಕಟ್ಟಿನಲ್ಲಿ ನಾಡಿಯೇ ಸಿಗದಂತಾದೀತು.

ನಮ್ಮ ತಕರಾರು ಇಲ್ಲಿಯೇ. ಒಂದು ಕೈಗೆ ಪಟ್ಟಿ ಸುತ್ತಿ, "ಬಿ.ಪಿ. ಕಡಿಮೆ, ಉಪ್ಪು ಹಾಕಿದ ಮಜ್ಜಿಗೆ ಕೊಡಿ" ಎಂದು ಕಳಿಸುವ ವೈದ್ಯರು ಇನ್ನೊಂದು ಕೈಯನ್ನೇಕೆ ಮುಟ್ಟುವುದಿಲ್ಲ? ನಾಳ ಕಿರಿದಾದ ಕೈಯಲ್ಲಿ ಲೆಕ್ಕ ಸುಳ್ಳೇ ಕಡಿಮೆ ತೋರುತ್ತದೆ. ಮೂತ್ರಪಿಂಡದ ನಾಳವೂ ಕಿರಿದಾಗಿದ್ದರೆ ಒಳಗೆ ಒತ್ತಡ ಏರಿ ಕುಳಿತಿರುತ್ತದೆ! ಎರಡು ಕೈಗಳ ಮೇಲಿನ ಅಂಕಿಯಲ್ಲಿ 10 ಮಿಲಿಮೀಟರಿಗೂ ಮಿಕ್ಕಿದ ಅಂತರವನ್ನು 1990ರ ಅಮೆರಿಕನ್ ಮಾನದಂಡ ಸುಳಿವೆಂದು ಎಣಿಸಿತ್ತು; 2022ರದ್ದು 20 ಕೇಳುತ್ತದೆ. ಹತ್ತೋ ಇಪ್ಪತ್ತೋ, ಅಳೆದರೆ ತಾನೆ ತಿಳಿಯುವುದು! ದವಾಖಾನೆಯ ಸಾಲು ಉದ್ದ, ಒಪ್ಪಿದೆವು. ಆ ಸಾಲಿನಲ್ಲಿ ನಿಂತು ಸವೆದವರು ನಾವೇ. ಆದರೂ ಇದು ಎರಡು ನಿಮಿಷದ, ಕಾಸಿಲ್ಲದ ಕೆಲಸ. ವೈದ್ಯರು ಮರೆತರೆ ನಾವು ಕೇಳಬೇಕು. ಸಂಶಯ ಬಂದರೆ ಡಾಪ್ಲರ್, ಆಂಜಿಯೋಗ್ರಾಮ್ ಮಾಡಿಸಬೇಕು; ಇ.ಎಸ್.ಆರ್. ಸರಿಯಿದೆ ಎಂದು ಸುಮ್ಮನಾಗುವಂತಿಲ್ಲ, ಅದು ಸರಿಯಿದ್ದೂ ರೋಗ ಒಳಗೊಳಗೇ ನಡೆದಿರಬಹುದು.

ಚಿಕಿತ್ಸೆ ಇದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಜೊತೆಗೆ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ. ಬೇಕಾದರೆ, ಉರಿಯೂತ ಅಡಗಿದ ಮೇಲೆ, ನಾಳ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ. ಆದರೆ ಸ್ಟೀರಾಯ್ಡಿನಿಂದ ಮುಖ ಊದುತ್ತದೆ, ಸಂಬಂಧ ಕೂಡಿಬರುವುದಿಲ್ಲ ಎಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಮಾತ್ರೆ ನಿಲ್ಲಿಸುವವರು ನಮ್ಮಲ್ಲಿದ್ದಾರೆ. ಪ್ರಮಾಣ ಇಳಿದಂತೆ ಆ ಊತವೂ ಇಳಿಯುತ್ತದೆ. ಥಟ್ಟನೆ ನಿಲ್ಲಿಸಿದರೆ ರೋಗ ಮರುಕಳಿಸುವುದು ಒಂದು. ಬಹುಕಾಲ ಮಾತ್ರೆಗೆ ಒಗ್ಗಿದ ದೇಹ ತನ್ನ ಪಾಲಿನ ಸ್ಟೀರಾಯ್ಡ್ ತಯಾರಿಸಲಾರದೆ ಕುಸಿಯುವುದು ಇನ್ನೊಂದು. ಗಂಡಿನ ಕಡೆಯವರು ಬರಲಿ, ಬಿಡಲಿ.