ಯಂತ್ರ ಬಂತು, ಕೈ ಬರಲಿಲ್ಲ

ಹೆರಿಗೆಗೆ ಆಸ್ಪತ್ರೆಗೇ ಬನ್ನಿ ಎಂದು ಸರಕಾರ ಹೇಳಿತು. ನಮ್ಮ ಹೆಣ್ಣುಮಕ್ಕಳು ಬಂದರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಹೇಳುವಂತೆ ಕರ್ನಾಟಕದಲ್ಲಿ 100ರಲ್ಲಿ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಸೂಲಗಿತ್ತಿಯ ಕಾಲ ಮುಗಿಯಿತು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಅವರ ವಿದ್ಯೆಗೆ ಗೌರವಪೂರ್ವಕ ವಿದಾಯವನ್ನೂ ಹೇಳಿದೆವು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ರಾಜ್ಯದಲ್ಲಿ ಹುಟ್ಟುವ ಪ್ರತಿ 1000 ಶಿಶುಗಳಲ್ಲಿ ಸುಮಾರು 16 ಶಿಶುಗಳು ಮೊದಲ ತಿಂಗಳು ದಾಟುವುದಿಲ್ಲ. ದೇಶದ ಸರಾಸರಿ 25 ಆಗಿರುವಾಗ ನಾವು ವಾಸಿ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ತಾಯಿ ಆಸ್ಪತ್ರೆಯ ಬಾಗಿಲೊಳಗೆ ಬಂದ ಮೇಲೂ ಮಗು ಸಾಯುತ್ತದೆ ಎಂದರೆ ತಪ್ಪು ತಾಯಿಯದ್ದಲ್ಲ.

ನರಸಿಂಹರಾಜಪುರ ತಾಲೂಕಿನ ಕಡಹಿನಬೈಲಿನಂತಹ ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅಡಿಕೆ ತೋಟಗಳ ನಡುವೆ ಚದುರಿದ ಮನೆಗಳು, ಸುತ್ತ ಕಾಡು, ತಾಲೂಕಿನ ಒಂದು ಮಗ್ಗುಲಿಗೆ ಭದ್ರಾ ಹಿನ್ನೀರು. ಇಲ್ಲಿ ಒಕ್ಕಲಿಗರಿದ್ದಾರೆ, ದಲಿತರಿದ್ದಾರೆ, ಮುಸ್ಲಿಮರಿದ್ದಾರೆ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರಿದ್ದಾರೆ. ಆಷಾಢದ ಮಳೆಯಲ್ಲಿ ಏಳು ತಿಂಗಳಿಗೇ ಮಗು ಹುಟ್ಟಿದರೆ ಇವರೆಲ್ಲರಿಗೂ ಇರುವುದು ಒಂದೇ ದಾರಿ. ಮೊದಲು ತಾಲೂಕು ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ ಅಥವಾ ಚಿಕ್ಕಮಗಳೂರು. ಕೊಪ್ಪ, ಶೃಂಗೇರಿಯವರಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಒಂದೂವರೆ ಕೆ.ಜಿ.ಯ ಕೂಸಿಗೆ ಈ ದಾರಿಯೇ ಮೊದಲ ಶತ್ರು. ಅದರ ಮೈಯಲ್ಲಿ ಕೊಬ್ಬಿಲ್ಲ, ಶಾಖ ನಿಲ್ಲುವುದಿಲ್ಲ. ಮೈ ತಣ್ಣಗಾದರೆ ಸಕ್ಕರೆ ಅಂಶ ಕುಸಿಯುತ್ತದೆ, ಉಸಿರು ತಡವರಿಸುತ್ತದೆ. ದೊಡ್ಡ ಆಸ್ಪತ್ರೆ ತಲುಪುವಾಗ ಯಂತ್ರವಿದ್ದರೂ ಹೊತ್ತು ಮೀರಿರುತ್ತದೆ. ಮೊದಲ ತಿಂಗಳೊಳಗೆ ಸಾಯುವ ಶಿಶುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾಯುವುದು ಮೊದಲ ವಾರದಲ್ಲಿ. ಹುಟ್ಟಿದಾಗ ಉಸಿರೆಳೆಯದ ಮಗುವಿಗಂತೂ ಇರುವುದು ಮೊದಲ ಒಂದು ನಿಮಿಷ. ಆ ನಿಮಿಷದಲ್ಲಿ ಅದರ ಪಕ್ಕದಲ್ಲಿ ನಿಂತವರ ಕೈಗೆ ಏನು ಗೊತ್ತಿದೆ ಎಂಬುದೇ ಅದರ ಹಣೆಬರಹ.

ಆ ಕೈಗಳನ್ನು ತಯಾರು ಮಾಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ಎಂ.ಬಿ.ಬಿ.ಎಸ್. ಮುಗಿಸಿ, ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿ, ಆಮೇಲೆ ನವಜಾತ ಶಿಶುಗಳ ತೀವ್ರ ನಿಗಾ ಚಿಕಿತ್ಸೆಯಲ್ಲೇ ಮೂರು ವರ್ಷ ಡಿ.ಎಂ. ಓದಬಹುದು. ಅದಾಗದವರಿಗೆ ಫೆಲೋಶಿಪ್ ಇದೆ. 1980ರಲ್ಲಿ ಹುಟ್ಟಿದ ರಾಷ್ಟ್ರೀಯ ನವಜಾತ ಶಿಶು ವೈದ್ಯರ ವೇದಿಕೆಯ ಫೆಲೋಶಿಪ್, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಫೆಲೋಶಿಪ್, ಹೀಗೆ. ವೆಂಟಿಲೇಟರ್ ನಡೆಸುವುದು, ಹೊಕ್ಕುಳ ರಕ್ತನಾಳಕ್ಕೆ ನಳಿಕೆ ಹಾಕುವುದು, ಬಲಿಯದ ಶ್ವಾಸಕೋಶಕ್ಕೆ ಸರ್ಫ್ಯಾಕ್ಟೆಂಟ್ ಕೊಡುವುದು, ಆಮ್ಲಜನಕ ಎಷ್ಟು ಕೊಟ್ಟರೆ ಜೀವ, ಎಷ್ಟು ಹೆಚ್ಚಾದರೆ ಕಣ್ಣಿಗೆ ಕುರುಡು ಎಂದು ತೂಗಿ ನೋಡುವುದು - ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹಗಲು ರಾತ್ರಿ ವಾರ್ಡಿನಲ್ಲಿ ನಿಂತು ಕಲಿಯಬೇಕಾದದ್ದು. ಈ ತರಬೇತಿಯ ಬಗ್ಗೆ ನಮಗೆ ಗೌರವವಿದೆ. ನಮ್ಮ ತಕರಾರು ಇರುವುದು ಅದು ಯಾರಿಗಾಗಿ ನಡೆಯುತ್ತಿದೆ ಎಂಬುದರ ಬಗ್ಗೆ.

ಕಲಿಸುವ ಆಸ್ಪತ್ರೆಗಳು ದೊಡ್ಡ ನಗರಗಳಲ್ಲಿವೆ. ಕಲಿತವರು ಹೆಚ್ಚಾಗಿ ನಗರದಲ್ಲೇ ಉಳಿಯುತ್ತಾರೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಫಲಕಗಳಲ್ಲಿ 'ಮೂರನೇ ಹಂತದ ಎನ್‌ಐಸಿಯು' ಎಂಬ ಹೆಮ್ಮೆಯ ಬರಹ ಹೊಳೆಯುತ್ತದೆ. ಅಲ್ಲಿ ಒಂದು ದಿನದ ಬಿಲ್ಲು ತೋಟದ ಕೂಲಿಯಾಳಿನ ಹಲವು ದಿನಗಳ ದುಡಿಮೆಯನ್ನು ನುಂಗುತ್ತದೆ. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲೇ ಕಾನೂನು ಮಾಡಿತು. 2023ರ ತಿದ್ದುಪಡಿಯೊಂದಿಗೆ ಆ ಕಡ್ಡಾಯವನ್ನು ಖಾಲಿ ಹುದ್ದೆಗಳಿರುವಷ್ಟಕ್ಕೆ ಸಡಿಲಿಸಿತು. ಕಾನೂನು ಮಾತಾಡುವುದು ಪದವಿ, ಸ್ನಾತಕೋತ್ತರ ಪದವಿ, ಸೂಪರ್ ಸ್ಪೆಷಾಲಿಟಿಗಳ ಬಗ್ಗೆ. ಫೆಲೋಶಿಪ್ ಮುಗಿಸಿದವರು ಒಂದು ವರ್ಷ ಮಲೆನಾಡಿಗೋ ರಾಯಚೂರಿಗೋ ಹೋಗಲಿ ಎಂದು ಕೇಳುವ ಧೈರ್ಯ ಯಾರಿಗಿದೆ?

ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಕೇಂದ್ರ ಸರಕಾರದ 2011ರ ಮಾರ್ಗಸೂಚಿಯಂತೆ ಹೆರಿಗೆಯಾಗುವಲ್ಲೆಲ್ಲ ಶಿಶು ಆರೈಕೆಯ ಮೂಲೆ, ತಾಲೂಕು ಮಟ್ಟದಲ್ಲಿ ಶಿಶು ಸ್ಥಿರೀಕರಣ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ಘಟಕ ಇರಬೇಕು. ಅದೇ ವರ್ಷ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದು ಸರಕಾರಿ ಆಸ್ಪತ್ರೆಯಲ್ಲಿ ರೋಗಗ್ರಸ್ತ ಶಿಶುವಿನ ಚಿಕಿತ್ಸೆ ಉಚಿತವಾಯಿತು. ಶಾಖ ಕೊಡುವ ವಾರ್ಮರ್‌ಗಳು ಬಂದವು, ಉದ್ಘಾಟನೆಯ ಫೋಟೋಗಳೂ ಬಂದವು. ಯಂತ್ರ ಖರೀದಿಸಲು ಟೆಂಡರ್ ಸಾಕು. ಮನುಷ್ಯನನ್ನು ತಯಾರಿಸಲು ವರ್ಷಗಳು ಬೇಕು. ಟೆಂಡರಿನಲ್ಲಿ ಕಮಿಷನ್ ಇದೆ, ತರಬೇತಿಯಲ್ಲಿ ಏನಿದೆ?

ತರಬೇತಿಯಿಲ್ಲದ ಕೈಗೆ ಯಂತ್ರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ರಾಜಧಾನಿಯೇ ಸಾಕ್ಷಿ. 2024ರ ಮೇ ತಿಂಗಳಲ್ಲಿ ದಿಲ್ಲಿಯ ವಿವೇಕ್ ವಿಹಾರದ ಖಾಸಗಿ ಶಿಶು ಆಸ್ಪತ್ರೆಗೆ ಬೆಂಕಿ ಬಿದ್ದು ಹಸುಗೂಸುಗಳು ಸತ್ತವು. ಆಸ್ಪತ್ರೆಯ ಪರವಾನಗಿಯ ಅವಧಿ ಮುಗಿದಿತ್ತು, ಅಲ್ಲಿದ್ದ ವೈದ್ಯರಿಗೆ ಇಂತಹ ಶಿಶುಗಳ ಚಿಕಿತ್ಸೆಯ ಅರ್ಹತೆ ಇರಲಿಲ್ಲ ಎಂದು ಪೊಲೀಸರು ಹೇಳಿದರು. ಅದೇ ವರ್ಷ ನವೆಂಬರಿನಲ್ಲಿ ಝಾನ್ಸಿಯ ಸರಕಾರಿ ವೈದ್ಯಕೀಯ ಕಾಲೇಜಿನ ಶಿಶು ಘಟಕ ಹೊತ್ತಿ ಉರಿಯಿತು. ಎರಡು ದಿನ ಟಿ.ವಿ.ಯಲ್ಲಿ ಗದ್ದಲ, ಮೂರನೇ ದಿನ ಮೌನ.

'ಹಳ್ಳಿಗೆ ತಜ್ಞರು ಬರುವುದಿಲ್ಲ, ಬಂದರೂ ಅವರಿಗೆ ಅಲ್ಲಿ ಕೆಲಸವಿಲ್ಲ' ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕಡಹಿನಬೈಲಿಗೆ ಡಿ.ಎಂ. ಮಾಡಿದವರು ಬೇಕೆಂದು ನಾವು ಕೇಳುತ್ತಿಲ್ಲ. ತಜ್ಞರ ವಿದ್ಯೆ ಕೆಳಗಿಳಿದು ಬರಲಿ ಎನ್ನುತ್ತಿದ್ದೇವೆ. ಅದು ಸಾಧ್ಯ ಎಂಬುದಕ್ಕೆ ಹೊರದೇಶಕ್ಕೆ ಹೋಗಬೇಕಿಲ್ಲ. ಗಡ್ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಶಿಶು ಆರೈಕೆ ಕಲಿಸಿ ನವಜಾತ ಶಿಶುಗಳ ಸಾವನ್ನು ಅರ್ಧಕ್ಕಿಂತ ಕೆಳಗಿಳಿಸಿದ್ದನ್ನು 1999ರಲ್ಲೇ ಜಗತ್ತಿನ ಮುಂದಿಟ್ಟರು. ಇಂದು ನಮ್ಮ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗಿ ಮಗುವನ್ನು ತೂಗುವುದರ ಬೇರು ಅಲ್ಲಿದೆ. 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದ 'ಕಿಡ್‌ರಾಪ್' ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳಿಗೆ ಹೋಗಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಕಣ್ಣಿನ ಚಿತ್ರ ತೆಗೆದರು, ದೂರದಲ್ಲಿದ್ದ ತಜ್ಞರು ಅದನ್ನು ನೋಡಿ ಸಲಹೆ ಕೊಟ್ಟರು. ಕೊಪ್ಪಳ ಜಿಲ್ಲೆಯಲ್ಲಿ ತಾಯಿಯ ಎದೆಗೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಸರಕಾರಿ ಆಸ್ಪತ್ರೆಗಳಲ್ಲೇ ರೂಢಿಗೆ ತಂದರು. ಈ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಿದರೆ ಸಾವು ಕಾಲು ಭಾಗದಷ್ಟು ಇಳಿಯುತ್ತದೆಂದು ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ತೋರಿಸಿತು. ಇಲ್ಲೆಲ್ಲ ಗೆದ್ದದ್ದು ಕಲಿಸುವ ಮನಸ್ಸು.

ಇನ್ನು ನಮ್ಮ ಸಮುದಾಯದ ಕಡೆಗೂ ಬೆರಳು ತಿರುಗಿಸಬೇಕು. ವಿಜಯಪುರದ ಅಲ್ ಅಮೀನ್, ಕಲಬುರಗಿಯ ಖಾಜಾ ಬಂದೇನವಾಜ್, ಮಂಗಳೂರಿನ ಯೆನೆಪೋಯ, ಕಣಚೂರು - ಮುಸ್ಲಿಮರು ಕಟ್ಟಿದ ವೈದ್ಯಕೀಯ ಕಾಲೇಜುಗಳು ಈ ರಾಜ್ಯದಲ್ಲಿ ಕಡಿಮೆಯಿಲ್ಲ. ಊರೂರಿನಲ್ಲಿ ಶಾದಿಮಹಲ್‌ಗಳೂ ಎದ್ದಿವೆ. ರಮಝಾನಿನಲ್ಲಿ ಝಕಾತ್ ಹಣ ಸೀರೆ, ಅಕ್ಕಿ, ಕಿಟ್‌ಗಳಾಗಿ ಹಂಚಿಹೋಗುತ್ತದೆ. ತಾಲೂಕಿಗೆ ಒಬ್ಬ ಬಡ ಹುಡುಗಿಯನ್ನು ಆರಿಸಿ, ನರ್ಸಿಂಗ್ ಓದಿಸಿ, ಶಿಶು ಆರೈಕೆಯಲ್ಲಿ ಪಳಗಿಸಿ ಅದೇ ತಾಲೂಕಿಗೆ ಕಳಿಸುವ ಯೋಚನೆ ಎಷ್ಟು ಜಮಾಅತ್‌ಗಳಿಗೆ ಬಂದಿದೆ? ಹೆಣ್ಣುಶಿಶುವನ್ನು ಜೀವಂತ ಹೂಳುತ್ತಿದ್ದ ಸಮಾಜವನ್ನು ಕಟಕಟೆಗೆ ನಿಲ್ಲಿಸಿದ ಧರ್ಮ ನಮ್ಮದು. ಶಿಶುವಿನ ಪ್ರಾಣ ನಮ್ಮ ದಾನದ ಪಟ್ಟಿಯಲ್ಲಿ ಕೊನೆಗೂ ಇಲ್ಲದಿರುವುದು ನಾಚಿಕೆಯ ಸಂಗತಿ.

ಮುಸ್ಲಿಮರ ಮನೆಯಲ್ಲಿ ಎಷ್ಟು ಮಕ್ಕಳು ಹುಟ್ಟುತ್ತಾರೆ ಎಂದು ಭಾಷಣದಲ್ಲಿ ಎಣಿಸುವವರಿಗೂ ಒಂದು ಮಾತು. ಹುಟ್ಟಿದ ಮಕ್ಕಳನ್ನು ಎಣಿಸುವ ನೀವು ಸತ್ತ ಮಕ್ಕಳನ್ನು ಒಮ್ಮೆ ಎಣಿಸಿ. ಮಗು ಬದುಕುಳಿಯುತ್ತದೆಂಬ ಭರವಸೆ ಇರುವಲ್ಲಿ ಕುಟುಂಬಗಳು ತಾವಾಗಿ ಚಿಕ್ಕದಾಗುತ್ತವೆ ಎಂಬುದನ್ನು ಕೇರಳ ತೋರಿಸಿದೆ. ವಾರ್ಮರ್‌ನಡಿ ಮಲಗಿದ ಕೂಸಿನ ಕಾಲಿಗೆ ಕಟ್ಟಿದ ಚೀಟಿಯಲ್ಲಿ ಇರುವುದು ತಾಯಿಯ ಹೆಸರು ಮತ್ತು ತೂಕ ಮಾತ್ರ.

ನಮ್ಮ ಬೇಡಿಕೆ ಸರಳ. ಸರಕಾರಿ ನೆರವು ಪಡೆಯುವ ಫೆಲೋಶಿಪ್‌ಗಳಲ್ಲಿ ಒಂದಿಷ್ಟು ಸ್ಥಾನಗಳು ತಾಲೂಕು, ಜಿಲ್ಲಾ ಆಸ್ಪತ್ರೆಗಳ ಮಕ್ಕಳ ವೈದ್ಯರಿಗೆ ಮೀಸಲಾಗಲಿ. ಅವರು ಕಲಿಯುವಾಗ ಸಂಬಳ ನಿಲ್ಲದಿರಲಿ, ಕಲಿತ ಮೇಲೆ ಅದೇ ಘಟಕಕ್ಕೆ ಮರಳಲಿ. ಪ್ರತಿಯೊಬ್ಬ ಫೆಲೋ ತನ್ನ ತರಬೇತಿಯಲ್ಲಿ ಕೆಲವು ತಿಂಗಳು ಜಿಲ್ಲಾ ಘಟಕದಲ್ಲಿ ದುಡಿಯಲಿ, ಅಲ್ಲಿಯ ನರ್ಸ್‌ಗಳಿಗೆ ಕಲಿಸಲಿ. ದಿನದ 24 ಗಂಟೆಯೂ ಮಗುವಿನ ಬಳಿ ಇರುವುದು ನರ್ಸ್. ತರಬೇತಿ ಪಡೆದ ನರ್ಸ್ ಅನ್ನು ಮರುತಿಂಗಳೇ ಬೇರೆ ವಾರ್ಡಿಗೆ ಹಾಕುವ ಚಾಳಿ ನಿಲ್ಲಲಿ. 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯಲ್ಲಿ ಮಲೆನಾಡಿನ ಪ್ರತಿ ತಾಲೂಕಿಗೂ ಶಿಶುವನ್ನು ಬೆಚ್ಚಗೆ ಒಯ್ಯಬಲ್ಲ ಒಂದು ವಾಹನ, ಅದರಲ್ಲಿ ಅದನ್ನು ಬಲ್ಲ ಒಬ್ಬರು ಇರಲಿ. ನವಜಾತ ಶಿಶುಗಳ ಸಾವನ್ನು 2030ರೊಳಗೆ ಸಾವಿರಕ್ಕೆ ಹತ್ತಕ್ಕಿಂತ ಕೆಳಗಿಳಿಸುತ್ತೇವೆಂದು ಈ ದೇಶ 2014ರಲ್ಲಿ ಮಾತು ಕೊಟ್ಟಿದೆ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರಿಗೆ ರಸ್ತೆಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳೋಣ: ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಇಂದು ರಾತ್ರಿ ಉಸಿರೆಳೆಯದ ಮಗು ಹುಟ್ಟಿದರೆ, ಅದನ್ನು ಎತ್ತಿಕೊಳ್ಳುವವರಿಗೆ ಏನು ಮಾಡಬೇಕೆಂದು ಗೊತ್ತಿದೆಯೇ?