ಪೇಟೆಯ ಮಳಿಗೆ ಯಾರ ಪಾಲಿಗೆ?

ಮಲೆನಾಡಿನ ಪೇಟೆಗಳ ಮುಖಚರ್ಯೆ ಬದಲಾಗುತ್ತಿದೆ. ಚಿಕ್ಕಮಗಳೂರನ್ನೇ ನೋಡಿ. 2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ 1.18 ಲಕ್ಷ ಮುಟ್ಟಿತ್ತು. 2013ರಲ್ಲಿ ಕಡೂರಿನಿಂದ ರೈಲು ಬಂದಿತು. ಮುಳ್ಳಯ್ಯನಗಿರಿ, ಬಾಬಾಬುಡನ್ ಗಿರಿಗಳನ್ನು ನೋಡಲು ವಾರಾಂತ್ಯಗಳಲ್ಲಿ ಬೆಂಗಳೂರಿನಿಂದ ವಾಹನಗಳ ಸಾಲೇ ಹರಿದುಬರುತ್ತದೆ. ಬಂದವರಿಗೆ ತಿಂಡಿ ಬೇಕು, ಕಾಫಿ ಬೇಕು, ಊರಿಗೆ ಒಯ್ಯಲು ಪುಡಿ, ಮೆಣಸು, ಜೇನು ಬೇಕು. ಆದ್ದರಿಂದ ಮಹಾತ್ಮ ಗಾಂಧಿ ರಸ್ತೆ, ಇಂದಿರಾ ಗಾಂಧಿ ರಸ್ತೆಗಳಂತಹ ನಡುಪೇಟೆಯ ಒಂದೊಂದು ಅಡಿ ಜಾಗಕ್ಕೂ ಬೆಲೆ ಬಂದಿದೆ. ಮಡಿಕೇರಿ, ಸಕಲೇಶಪುರ, ಶಿರಸಿಗಳ ಕಥೆಯೂ ಬಹುಮಟ್ಟಿಗೆ ಇದೇ.

ಪೇಟೆಯ ಮಳಿಗೆಗಳ ಬಾಡಿಗೆಯ ವಿಚಾರ ಬೆಟ್ಟದ ಹಳ್ಳಿಗರ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಕಾಡು, ನೀರು, ಮಣ್ಣುಗಳ ಬಗ್ಗೆ ಮಾತನಾಡುವವರಿಗೆ ಅಂಗಡಿ ಸಾಲಿನ ಗೊಡವೆ ಏತಕ್ಕೆ? ನಮ್ಮ ಉತ್ತರ ಸರಳವಾಗಿದೆ. ಬೆಟ್ಟದಲ್ಲಿ ಬೆಳೆದದ್ದು ಹಣವಾಗುವುದು ಪೇಟೆಯ ಕಟ್ಟೆಯ ಮೇಲೆ. ಆ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಎಷ್ಟು ಕಾಲ ಕೂರುತ್ತಾರೆ, ಯಾವ ಕರಾರಿನ ಮೇಲೆ ಕೂರುತ್ತಾರೆ ಎಂಬುದು ಹಳ್ಳಿಯ ಗದ್ದೆ ತೋಟಗಳ ಹಣೆಬರಹವನ್ನೂ ನಿರ್ಧರಿಸುತ್ತದೆ.

ಊರಿನವರೇ ನಡೆಸುವ ಒಂದು ಸಣ್ಣ ಹೋಟೆಲನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದಕ್ಕೆ ಬೇಕಾದ ಹಾಲು, ಬಾಳೆಎಲೆ, ಸೊಪ್ಪು, ತೆಂಗು, ಮೆಣಸು, ಮಳೆಗಾಲದ ಕಳಲೆ, ಬೇಸಿಗೆಯ ಹಲಸು ಎಲ್ಲವೂ ಹತ್ತಿಪ್ಪತ್ತು ಮೈಲಿಯೊಳಗಿನ ಹಳ್ಳಿಗಳಿಂದ ಬರುತ್ತವೆ. ಬೆಳಗಿನ ಬಸ್ಸಿನಲ್ಲಿ ಬುಟ್ಟಿ ಇಳಿಸಿದ ರೈತನಿಗೆ ಅಲ್ಲೇ ಹಣ ಸಿಗುತ್ತದೆ. ಆ ಹೋಟೆಲು ಬಾಡಿಗೆ ಕಟ್ಟಲಾರದೆ ಬಾಗಿಲು ಹಾಕಿ, ಅದೇ ಜಾಗಕ್ಕೆ ಹತ್ತೂರುಗಳಲ್ಲಿ ಶಾಖೆಗಳಿರುವ ಸರಪಳಿ ಉಪಾಹಾರಗೃಹವೊಂದು ಬಂದಿತೆನ್ನಿ. ಅದರ ಹಿಟ್ಟು, ಸಾಂಬಾರು, ಸಿಹಿ ಎಲ್ಲವೂ ದೂರದ ಕೇಂದ್ರ ಅಡುಗೆಮನೆಯಿಂದಲೋ ಗೋದಾಮಿನಿಂದಲೋ ಬರುವುದು ಅಂತಹ ವ್ಯವಸ್ಥೆಯ ಸಹಜ ರೀತಿ. ನೋಡುವವರ ಕಣ್ಣಿಗೆ ಒಂದು ನಾಮಫಲಕ ಬದಲಾಗಿರುತ್ತದೆ. ಸುತ್ತಲ ಹಳ್ಳಿಗಳಿಗೋ ದಿನನಿತ್ಯದ ಕೊಳ್ಳುಗನೊಬ್ಬ ಇಲ್ಲವಾಗಿರುತ್ತಾನೆ.

ಬಾಡಿಗೆಯ ಭಾರವೆಂಥದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ತಿಂಗಳ ಬಾಡಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 1,000 ರೂಪಾಯಿ ಆಯಿತು. ಹಾಲು, ಪುಡಿ, ಉರುವಲು, ಕೂಲಿ ಎಲ್ಲ ಕಳೆದು ಒಂದು ಲೋಟ ಕಾಫಿಯಲ್ಲಿ 4 ರೂಪಾಯಿ ಉಳಿದರೆ, ಪ್ರತಿದಿನದ ಮೊದಲ 250 ಲೋಟಗಳು ಕಟ್ಟಡದ ಒಡೆಯನಿಗೆ ಸಲ್ಲುತ್ತವೆ. ಬಾಡಿಗೆ 60,000 ಆದರೆ ಈ ಸಂಖ್ಯೆ 500. ಬಯಲುಸೀಮೆಯ ನಗರದಲ್ಲಿ ವರ್ಷವಿಡೀ ಗಿರಾಕಿಗಳಿದ್ದಾರು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದರೆ, ರಸ್ತೆ ಕುಸಿದರೆ, ಪೇಟೆಯೇ ಖಾಲಿ. ಬಾಡಿಗೆಗೆ ಮಾತ್ರ ಮಳೆಗಾಲವಿಲ್ಲ.

ಇನ್ನು ಕಾನೂನಿನ ಮಾತು. ಬಹುಪಾಲು ಸಣ್ಣ ವ್ಯಾಪಾರಿಗಳು 11 ತಿಂಗಳ ಕರಾರುಪತ್ರದ ಮೇಲೆ ಅಂಗಡಿ ಹಿಡಿಯುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು; ಆ ಖರ್ಚು ತಪ್ಪಿಸಲು ಹುಟ್ಟಿಕೊಂಡ ಉಪಾಯವೇ ಈ 11 ತಿಂಗಳು. ಅವಧಿ ಮುಗಿದ ಮೇಲೆ ಮಾಲೀಕನು ಬಾಡಿಗೆ ಪಡೆಯುತ್ತ ಹೋದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಅಂಗಡಿಯ ಗುತ್ತಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದು. 15 ದಿನಗಳ ನೋಟೀಸು ಕೊಟ್ಟು ಅದನ್ನು ಕೊನೆಗಾಣಿಸಬಹುದು. ಅಡುಗೆಮನೆ, ಹೊಗೆಗೊಳವೆ, ನೀರಿನ ತೊಟ್ಟಿ, ಮೇಜು ಕುರ್ಚಿಗಳಿಗೆಂದು ಚಿನ್ನ ಅಡವಿಟ್ಟು ಲಕ್ಷಗಟ್ಟಲೆ ಸುರಿದವನ ಬದುಕು ಹದಿನೈದು ದಿನಗಳ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಬಾಡಿಗೆ ನಿಯಂತ್ರಣ ಕಾಯಿದೆ ಇಲ್ಲವೇ ಎಂದರೆ, ಇದೆ. ಕರ್ನಾಟಕ ಬಾಡಿಗೆ ಅಧಿನಿಯಮ 1999ರದು. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆದರೆ ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದವುಗಳಿಗೆ ಮಾತ್ರ ಅದರ ರಕ್ಷಣೆ. ಅಂದರೆ ಸುಮಾರು 150 ಚದರ ಅಡಿ. ಅದೂ ಕಾಯಿದೆಯ ಅನುಸೂಚಿಗೆ ಒಳಪಟ್ಟ ಊರುಗಳಲ್ಲಿ, ಬಾಡಿಗೆ ನಿಗದಿತ ಮಿತಿಯೊಳಗಿದ್ದಾಗ. ಬೀಡಾ ಅಂಗಡಿ, ದರ್ಜಿಯ ಅಂಗಡಿ ಆ ಅಳತೆಯಲ್ಲಿ ಹಿಡಿಸೀತು. ನಾಲ್ಕು ಮೇಜಿನ ಹೋಟೆಲು ಹಿಡಿಸದು.

ಮಲೆನಾಡಿನವರಿಗೆ ಗೇಣಿಯ ಕಷ್ಟವನ್ನು ಹೊಸದಾಗಿ ವಿವರಿಸಬೇಕಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನು ಹೊಲದೊಡೆಯನಾದನು. ಆ ಕುಟುಂಬಗಳ ಮೂರನೆಯ ತಲೆಮಾರು ಈಗ ಓದು ಮುಗಿಸಿ ಪೇಟೆಯಲ್ಲಿ ಅಂಗಡಿ ತೆರೆಯುವ ಯೋಚನೆಯಲ್ಲಿದೆ. ಅಜ್ಜನು ಹೊಲದಲ್ಲಿ ಕಳಚಿಕೊಂಡ ಅನಿಶ್ಚಿತತೆಯನ್ನು ಮೊಮ್ಮಗನು ಪೇಟೆಯಲ್ಲಿ ಮತ್ತೆ ಹೊರುತ್ತಿದ್ದಾನೆ. ಮಳಿಗೆಯೂ ಗೇಣಿದಾರನ ಪಾಲಾಗಲಿ ಎಂಬುದು ನಮ್ಮ ವಾದವಲ್ಲ. ಕಟ್ಟಡವನ್ನು ಹಣ ಹಾಕಿ ಕಟ್ಟಿದವನಿಗೆ ಅದರ ಪ್ರತಿಫಲ ಸಲ್ಲಬೇಕು. ಆದರೆ ದುಡಿಮೆಗೆ ಒಂದು ನಿಶ್ಚಿತ ಅವಧಿಯ ಭದ್ರತೆ ಇರಬೇಕೆಂಬ ಗೇಣಿ ಹೋರಾಟದ ತಿರುಳು ಇಲ್ಲಿಗೂ ಅನ್ವಯಿಸುತ್ತದೆ.

ಬೆಟ್ಟದ ಪೇಟೆಗಳಿಗೆ ಇನ್ನೊಂದು ವಿಶೇಷ ಆತಂಕವಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಜಿಲ್ಲೆಗೆ ಪ್ರವಾಸಿಗರ ಪ್ರವೇಶವನ್ನೇ ಕೆಲಕಾಲ ನಿರ್ಬಂಧಿಸಬೇಕಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಲಾಕ್‌ಡೌನ್ ಇಡೀ ದೇಶದ ಹೋಟೆಲುಗಳ ಬಾಗಿಲು ಮುಚ್ಚಿಸಿತು. ಇಂತಹ ಕಾಲದಲ್ಲಿ ಬಾಡಿಗೆಯ ಗತಿಯೇನು? ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಬೇರೆ ಶಕ್ತಿಯಿಂದ ಸ್ವತ್ತಿನ ಮುಖ್ಯ ಭಾಗ ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಗುತ್ತಿಗೆಯನ್ನು ರದ್ದುಗೊಳಿಸುವ ಆಯ್ಕೆ ಬಾಡಿಗೆದಾರನಿಗೆ ಉಂಟೆಂದು 1882ರ ಕಾಯಿದೆಯ 108ನೆಯ ಪ್ರಕರಣ ಹೇಳುತ್ತದೆ. ಇಲ್ಲಿ ಗಮನಿಸಬೇಕಾದುದು ‘ಶಾಶ್ವತವಾಗಿ’ ಎಂಬ ಮಾತು. ಘಾಟಿಯ ರಸ್ತೆ ಎರಡು ತಿಂಗಳು ಮುಚ್ಚಿ ಗಿರಾಕಿಗಳು ಬಾರದಿದ್ದರೆ ಈ ಪ್ರಕರಣದಿಂದ ಪರಿಹಾರವಿಲ್ಲ. ದೆಹಲಿಯ ಖಾನ್ ಮಾರ್ಕೆಟಿನ ಅಂಗಡಿಯೊಂದರ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2020ರ ಮೇ ತಿಂಗಳಲ್ಲಿ ಇದೇ ಜಾಡಿನಲ್ಲಿ ತೀರ್ಪಿತ್ತಿತು. ಲಾಕ್‌ಡೌನ್ ಕಾರಣಕ್ಕೆ ಬಾಡಿಗೆ ಮನ್ನಾ ಆಗದು, ಕಟ್ಟಲು ಸ್ವಲ್ಪ ಕಾಲಾವಕಾಶ ಸಿಗಬಹುದು. ಅನಿರೀಕ್ಷಿತ ಆಪತ್ತಿನ ಕಲಮು ಕರಾರಿನಲ್ಲಿದ್ದರೆ ಅದರಂತೆ ನಡೆಯಬೇಕು ಎಂಬುದು ಅದರ ಸಾರ. ಕಾಗದದಲ್ಲಿ ಬರೆಯದ ಕರುಣೆಯನ್ನು ನ್ಯಾಯಾಲಯ ಸೇರಿಸಿ ಕೊಡಲಾರದು.

ಆದ್ದರಿಂದ ಕರಾರು ಬರೆಯುವಾಗಲೇ ಎಚ್ಚರ ಬೇಕು. ಕನಿಷ್ಠ ಐದು ವರ್ಷಗಳ ಅವಧಿಯನ್ನು ಕೇಳಿ, ನೋಂದಾಯಿಸಿರಿ. ಆ ಖರ್ಚು, ಹಾಕುವ ಬಂಡವಾಳದ ಮುಂದೆ ಚಿಕ್ಕದು. ಬಾಡಿಗೆ ಏರಿಕೆಯ ಪ್ರಮಾಣ ಅಂಕಿಯಲ್ಲಿರಲಿ; ‘ಮಾರುಕಟ್ಟೆ ದರದಂತೆ’ ಎಂಬ ಮಾತಿಗೆ ಸಹಿ ಹಾಕಬೇಡಿ. ಮುಂಗಡ ಹಣ ಎಂದು, ಯಾವ ಕಡಿತದೊಡನೆ ಹಿಂದಿರುಗಬೇಕೆಂಬುದು ಸ್ಪಷ್ಟವಿರಲಿ. ಹತ್ತು ತಿಂಗಳ ಮುಂಗಡ ಕೇಳುವುದು ನಮ್ಮಲ್ಲಿ ರೂಢಿ. ಕೇಂದ್ರವು 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಾದರೋ ವಾಣಿಜ್ಯ ಮಳಿಗೆಗೆ ಆರು ತಿಂಗಳ ಬಾಡಿಗೆಯೇ ಮಿತಿ. ಅದು ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಕಾನೂನು. ಆದರೂ ಮಾತುಕತೆಗೆ ಒಳ್ಳೆಯ ಅಳತೆಗೋಲು. ರಸ್ತೆ ಕುಸಿತ, ಪ್ರವಾಹ, ಸರ್ಕಾರಿ ನಿರ್ಬಂಧಗಳಿಂದ ವ್ಯಾಪಾರ ನಿಂತ ದಿನಗಳಿಗೆ ಬಾಡಿಗೆ ಅರ್ಧವಾಗಲಿ ಎಂಬ ಕಲಮು ಸೇರಲಿ. ನೀವು ಜೋಡಿಸಿದ ಸಾಮಾನುಗಳನ್ನು ಬಿಟ್ಟುಹೋಗುವಾಗ ಕೊಂಡೊಯ್ಯುವ ಹಕ್ಕು, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದರೆ, ಅದೇ 108ನೆಯ ಪ್ರಕರಣದಲ್ಲಿದೆ. ಆ ಹಕ್ಕನ್ನು ಕಸಿಯುವ ಸಾಲು ಕರಾರಿನಲ್ಲಿದೆಯೇ ಎಂದು ಹುಡುಕಿರಿ.

ಕಟ್ಟಡದ ಮಾಲೀಕರನ್ನು ಖಳರೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ಅನೇಕರು ತೋಟದ ಆದಾಯದಿಂದಲೋ ಬ್ಯಾಂಕಿನ ಸಾಲದಿಂದಲೋ ಮಳಿಗೆ ಕಟ್ಟಿದ ನಮ್ಮವರೇ. ಅವರಲ್ಲಿ ನಮ್ಮದೊಂದು ವಿನಂತಿ. ದೊಡ್ಡ ಸಂಸ್ಥೆ ಒಂಬತ್ತು ವರ್ಷಗಳ ಕರಾರು, ಮೂರು ವರ್ಷಕ್ಕೊಮ್ಮೆ ಶೇಕಡಾ 15ರ ಏರಿಕೆ ಎಂದು ಆಕರ್ಷಕ ಪತ್ರ ತರುತ್ತದೆ. ಅಂತಹ ಕರಾರುಗಳಲ್ಲಿ ಸಾಮಾನ್ಯವಾಗಿ ಬಾಡಿಗೆದಾರ ಕಟ್ಟುಬೀಳುವುದು ಮೊದಲ ಕೆಲವು ವರ್ಷಗಳಿಗೆ ಮಾತ್ರ. ಮಾಲೀಕನು ಪೂರ್ಣಾವಧಿಗೆ ಕಟ್ಟುಬೀಳುತ್ತಾನೆ. ಲಾಭವಿಲ್ಲವೆಂದು ದೂರದ ಕಚೇರಿ ತೀರ್ಮಾನಿಸಿದರೆ ನೋಟೀಸು ಕೊಟ್ಟು ಹೊರಡುತ್ತದೆ. ಊರಿನ ಹೋಟೆಲಿನವನು ಹೋಗಲು ಬೇರೆ ಊರಿಲ್ಲದೆ ಮೂವತ್ತು ವರ್ಷ ಬಾಡಿಗೆ ಕಟ್ಟಿದ್ದಾನೆ. ಸ್ವಲ್ಪ ಕಡಿಮೆಯಾದರೂ ತಪ್ಪದೆ ಬರುವ ಬಾಡಿಗೆ, ಹೆಚ್ಚಾಗಿ ಬಂದು ನಿಂತುಹೋಗುವ ಬಾಡಿಗೆಗಿಂತ ಮೇಲಲ್ಲವೇ?

ಖಾಸಗಿ ಕಟ್ಟಡಗಳ ಮಾತು ಹಾಗಿರಲಿ. ನಗರಸಭೆ, ಪುರಸಭೆಗಳು ಕಟ್ಟಿಸಿದ ವಾಣಿಜ್ಯ ಸಂಕೀರ್ಣಗಳು ಸಾರ್ವಜನಿಕರ ಸ್ವತ್ತು. ಅವು ಹರಾಜಿನ ಮೂಲಕ ಗುತ್ತಿಗೆಗೆ ಹೋಗುತ್ತವೆ. ಹರಾಜಿನಲ್ಲಿ ಹಿಡಿದವನೊಬ್ಬ, ಅಂಗಡಿಯಲ್ಲಿ ಕೂತವನು ಇನ್ನೊಬ್ಬ, ನಡುವೆ ಒಳಬಾಡಿಗೆಯ ಲಾಭ ಮೂರನೆಯವನಿಗೆ ಎಂಬ ದೂರು ಊರೂರಲ್ಲೂ ಕೇಳಿಬರುತ್ತದೆ. ಇದನ್ನು ಗೊಣಗುತ್ತ ಕೂರಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ನಮ್ಮ ಕೈಯಲ್ಲಿದೆ. ಕಾಲೇಜು ವಿದ್ಯಾರ್ಥಿಗಳು ತಂಡ ಕಟ್ಟಿ ತಮ್ಮ ಊರಿನ ಮಳಿಗೆಗಳ ಪಟ್ಟಿ, ಗುತ್ತಿಗೆದಾರನ ಹೆಸರು, ಬಾಡಿಗೆ, ಅವಧಿ ಮುಗಿಯುವ ದಿನಾಂಕಗಳನ್ನು ಕೇಳಿ ಪಡೆಯಲಿ. ಬಳಿಕ ಬೀದಿಗಿಳಿದು ಯಾವ ಮಳಿಗೆಯಲ್ಲಿ ಯಾರಿದ್ದಾರೆಂದು ತಾಳೆ ನೋಡಲಿ. ಒಂದು ವಾರದ ಈ ಕೆಲಸ ಅರ್ಥಶಾಸ್ತ್ರದ ಒಂದು ವರ್ಷದ ಪಾಠಕ್ಕೆ ಸಮ.

ಮಳಿಗೆ ಹಿಡಿಯಲಾರದವರಿಗೂ ಪೇಟೆಯಲ್ಲಿ ಹಕ್ಕಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಪಟ್ಟಣ ವ್ಯಾಪಾರ ಸಮಿತಿಯನ್ನು ರಚಿಸಬೇಕು. ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆ ನಡೆಸದೆ ಎಬ್ಬಿಸುವಂತಿಲ್ಲ. ಹಳ್ಳಿಯಿಂದ ಸೊಪ್ಪು, ಹಣ್ಣು ತಂದು ಮಾರುವ ಹೆಂಗಸರು ಈ ಸಮೀಕ್ಷೆಯ ಪಟ್ಟಿಯಲ್ಲಿದ್ದಾರೆಯೇ ಎಂದು ವಿಚಾರಿಸುವುದು ನಮ್ಮ ಕರ್ತವ್ಯ.

ಎಲ್ಲಕ್ಕಿಂತ ಗಟ್ಟಿಯಾದ ದಾರಿ ಕೂಡಿ ಹಿಡಿಯುವುದು. ಒಬ್ಬನಿಗೆ ದುಬಾರಿಯಾದ ಮಳಿಗೆ ಐವತ್ತು ಕುಟುಂಬಗಳಿಗೆ ಎಟುಕೀತು. ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿಕೊಂಡ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ಶಿರಸಿಯ ಪೇಟೆಯಲ್ಲಿ ತನ್ನದೇ ಸೂಪರ್ ಮಾರ್ಕೆಟ್ ನಡೆಸುತ್ತಿದೆ. 2024ರಲ್ಲಿ ರಾಜ್ಯ ಸರ್ಕಾರವು ಸ್ವಸಹಾಯ ಸಂಘಗಳ ಮಹಿಳೆಯರ ಮೂಲಕ ‘ಅಕ್ಕ ಕೆಫೆ’ಗಳನ್ನು ಆರಂಭಿಸಿತು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಗುರುತನ್ನು ಲೋಟಕ್ಕೆ ಇಳಿಸಿ ಮಾರಲು ಸಣ್ಣ ಬೆಳೆಗಾರರದೇ ಒಂದು ಕಟ್ಟೆ ನಡುಪೇಟೆಯಲ್ಲಿ ಏಕಿರಬಾರದು? ನಗರಸಭೆಯ ಮುಂದಿನ ಹರಾಜಿಗೆ ಮೊದಲೇ ಉತ್ಪಾದಕರ ಸಂಘಗಳಿಗೆ ಒಂದೆರಡು ಮಳಿಗೆ ಮೀಸಲಿಡಿರೆಂದು ಸದಸ್ಯರ ಮುಂದೆ ಬೇಡಿಕೆ ಇಡಬೇಕು.

ಕೊನೆಯದಾಗಿ ನೀರು ಮತ್ತು ಕಸ. ಹಿರೇಕೊಳಲೆ ಕೆರೆ, ಯಗಚಿ ಜಲಾಶಯಗಳ ನೀರು ಕುಡಿದು ಬೆಳೆಯುತ್ತಿರುವ ನಗರ ಚಿಕ್ಕಮಗಳೂರು. ಉಪಾಹಾರಗೃಹಕ್ಕೆ ಜಾಗ ಕೊಡುವಾಗ ನೀರಿನ ಮೂಲ ಯಾವುದು, ಜಿಡ್ಡುನೀರು ಎಲ್ಲಿಗೆ ಹೋಗುತ್ತದೆ, ಹಸಿಕಸವನ್ನು ಬೇರ್ಪಡಿಸುವವರು ಯಾರು ಎಂಬ ಮೂರು ಸಾಲುಗಳು ಕರಾರಿನಲ್ಲಿ ಇರಬೇಕು. ಇಲ್ಲದಿದ್ದರೆ ಬಾಡಿಗೆ ಪೇಟೆಯ ಒಡೆಯನಿಗೆ, ಲಾಭ ದೂರದ ಸಂಸ್ಥೆಗೆ, ಕೊಳಚೆ ಮಾತ್ರ ಇಳಿಜಾರಿನ ಹಳ್ಳಿಗೆ ಎಂಬಂತಾದೀತು.

ಪೇಟೆಯ ಬೆಳವಣಿಗೆಯನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಆ ಬೆಳವಣಿಗೆಯಲ್ಲಿ ಬೆಟ್ಟದ ಜನರಿಗೂ ಒಂದು ಬಾಗಿಲು, ಒಂದು ಕಟ್ಟೆ, ಒಂದು ಭದ್ರವಾದ ಕರಾರು ಇರಬೇಕೆಂಬುದಷ್ಟೇ ನಮ್ಮ ಆಗ್ರಹ. ಅದು ತಾನಾಗಿ ಬಾರದು. ಮುಂದಿನ ಗ್ರಾಮಸಭೆಯಲ್ಲಿ, ಸಂಘದ ಸಭೆಯಲ್ಲಿ, ಕಾಲೇಜಿನ ಚರ್ಚಾಕೂಟದಲ್ಲಿ ಈ ವಿಷಯವನ್ನು ಎತ್ತಿರಿ. ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ.