ಹೊಟ್ಟೆ ಬಿಟ್ಟ ಗೋಡೆಯ ಕೆಳಗೆ

ಕೋಟೆ ನೋಡಬೇಕೆಂದರೆ ನಮ್ಮ ಜನ ಕಡಲಿನ ಕಡೆ ಹೊರಡುತ್ತಾರೆ. ಬೇಕಲ, ಮಿರ್ಜಾನ್ ನೋಡತಕ್ಕವೇ, ತಕರಾರಿಲ್ಲ. ಆದರೆ ಔರಂಗಜೇಬ್ ಖುದ್ದು ನಿಂತು ಮುತ್ತಿದ ಕೊನೆಯ ಕೋಟೆ ಇರುವುದು ನಮ್ಮ ಸುರಪುರ ಸೀಮೆಯ ವಾಗಣಗೇರಾದಲ್ಲಿ. 1705ರ ಫೆಬ್ರುವರಿಯಲ್ಲಿ ಬಂದ ಮೊಗಲರ ದಂಡನ್ನು ಬೇಡ ದೊರೆ ಪಿಡ್ಡನಾಯಕ ಏಪ್ರಿಲ್ ಕೊನೆಯವರೆಗೂ ತಡೆದ. ಮರಾಠರು ನೆರವಿಗೆ ಬಂದಿದ್ದರು. ಇನ್ನು ಉಳಿಯದು ಎಂದಾಗ ರಾತ್ರೋರಾತ್ರಿ ತನ್ನವರೊಂದಿಗೆ ಪಾರಾದ. 86ರ ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ. ಅಲ್ಲಿಂದ ಕೃಷ್ಣೆಯ ಕಡೆಗಿನ ದೇವಾಪುರಕ್ಕೆ ಬಂದು ಬೀಡುಬಿಟ್ಟವನು ಹಾಸಿಗೆ ಹಿಡಿದ. ತಿಂಗಳುಗಟ್ಟಲೆ ಸಾಮ್ರಾಜ್ಯವೇ ದೇವಾಪುರದಲ್ಲಿ ಕುಳಿತಿತ್ತು. ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಹೊರಟ, 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ.

ಫಿರಂಗಿಗೆ ಎದೆಯೊಡ್ಡಿದ ಇಂಥ ಗೋಡೆಗಳನ್ನು ಕೆಡವಲು ಈಗ ದಂಡು ಬೇಕಿಲ್ಲ. ಎರಡು ಸಾಲು ಕಲ್ಲಿನ ನಡುವೆ ಮಣ್ಣು, ಜಲ್ಲಿ ತುಂಬಿ ಕಟ್ಟಿದ ಕೋಟೆಗೋಡೆಗೆ ನೀರು ತಲೆಯಿಂದ ಇಳಿಯುತ್ತದೆ. ನೆನೆದ ಒಳಮಣ್ಣು ಹೊರಗಲ್ಲನ್ನು ದೂಡುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಹಕ್ಕಿ ಉದುರಿಸಿದ ಅರಳಿ ಬೀಜ ಸಂದಿಯಲ್ಲಿ ಮೊಳೆತರೆ ಬೇರು ಆ ಕೆಲಸವನ್ನು ಬೇಗ ಮುಗಿಸುತ್ತದೆ. ಬುಡದ ನಾಲ್ಕು ಕಲ್ಲು ಯಾರದೋ ದನದ ಕೊಟ್ಟಿಗೆಗೆ ಹೋದವೋ, ಮುಂದಿನ ದೊಡ್ಡ ಮಳೆಗೆ ಆ ಭಾಗ ಕುಸಿದಂತೆಯೇ. ಇನ್ನೊಂದು ಗುರುತು ನೆಲದಲ್ಲಿರುತ್ತದೆ: ಬುರುಜಿನ ಬುಡದಲ್ಲಿ ಹೊಸ ಗುಂಡಿ, ಪಕ್ಕದಲ್ಲಿ ಕುಂಕುಮ, ಕೊಯ್ದ ನಿಂಬೆಹಣ್ಣು. ನಿಧಿ ಸಿಕ್ಕಲಿ ಬಿಡಲಿ, ಪಾಯವಂತೂ ಹೋಗುತ್ತದೆ.

ಸೆಪ್ಟೆಂಬರ್ ನಮ್ಮ ಕಡೆ ಜೋರು ಮಳೆಯ ತಿಂಗಳು. ಅದಕ್ಕೆ ಮೊದಲೇ ಪುರಾತತ್ವ ಇಲಾಖೆಯವರು ಬಂದು ಪ್ರತಿ ಬುರುಜಿನ ಅಳತೆ, ಫೋಟೊ ತೆಗೆದುಕೊಳ್ಳಬೇಕು. ವರ್ಷ ಬಿಟ್ಟು ಅದೇ ಜಾಗದಿಂದ ಮತ್ತೆ ತೆಗೆದರೆ ಯಾವ ಗೋಡೆ ಎಷ್ಟು ಮುಂದಕ್ಕೆ ಬಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಕೋಟೆಯ ಗಡಿ ಪಹಣಿಯಲ್ಲಿ ಸ್ಪಷ್ಟವಾಗಿರಬೇಕು. ಗುಂಡಿ ಕಂಡ ದಿನವೇ ಪಂಚಾಯಿತಿಯವರು ಠಾಣೆಗೆ ತಿಳಿಸಬೇಕು. ಮತ್ತೆ, ದಯವಿಟ್ಟು, ಬಿರುಕಿಗೆ ಸಿಮೆಂಟ್ ಮೆತ್ತುವ ಗುತ್ತಿಗೆದಾರನನ್ನು ದೂರವಿಡಿ. ಸಿಮೆಂಟ್ ನೀರನ್ನು ಒಳಗೇ ಕೂಡಿಹಾಕುತ್ತದೆ. ಹಳೆಯ ಗೋಡೆಗೆ ಸುಣ್ಣದ ಗಾರೆಯೇ ಸರಿ.

ಸ್ವಾಗತ ಕಮಾನು, ಸೆಲ್ಫಿ ಕಟ್ಟೆ ಆಮೇಲೆ ನೋಡೋಣ. ಸದ್ಯಕ್ಕೆ, ಹೊಟ್ಟೆ ಬಿಟ್ಟ ಗೋಡೆ ಎಲ್ಲಿ ಕಂಡರೂ ಅದರ ಕೆಳಗೆ ಜನ ನಿಲ್ಲದಂತೆ ಬೇಲಿ ಹಾಕಿ. ರೀಲ್ಸ್ ಮಾಡುವ ಹುಡುಗರು ಬೈದುಕೊಂಡರೆ ಬೈದುಕೊಳ್ಳಲಿ.